ತುಪ್ಪಳ ಊದಿ ನೋಡುವ ಹುಡುಗಿಗೆ

ವಾಲ್ಡ್ರೆಸ್, 20 ಜನವರಿ 2018

ಶ್ರೀಮನ್ಮಹಾ ಹಿಮಮಂಡಲಾಧೀಶ್ವರಿಯೂ, ನೂರಾ ನಲವತ್ತು ಬೆಳ್ಳಿನರಿಗಳ ಏಕಮಾತ್ರ ನಂಬಿಕಸ್ಥಳೂ, ಒಂದೇ ಉಸಿರಿನಲ್ಲಿ ತುಪ್ಪಳ ಊದಿ ಒಳಗಿನ ಉಣ್ಣೆಯ ಗುಣದೋಷ ಹೇಳಬಲ್ಲ ತ್ರಿಕಾಲಜ್ಞೆಯೂ, ಸದ್ಯ ಓಸ್ಲೋ ಮಹಾನಗರದ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ವಿರಾಜಮಾನಳೂ ಆದ ಕುಮಾರಿ ಗುಡ್ನಿಯವರ ಪಾದಪದ್ಮಗಳಿಗೆ (ಎರಡು ಜೊತೆ ಉಣ್ಣೆಯ ಕಾಲುಚೀಲದೊಳಗೆ ಇರುವಂಥವು), ಸಿವರ್ಟನ ಮಗ ಟಾರ್ಯೆಯ್, ವಯಸ್ಸು ಇಪ್ಪತ್ತೆರಡು, ಉದ್ಯೋಗ ನರಿಗಳಿಗೆ ಅಂಬಲಿ ಬಡಿಸುವುದು, ಸಾಷ್ಟಾಂಗ ಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ:

ಬೀಳುವಾಗ ಮೊಣಕಾಲಿಗೆ ಪೆಟ್ಟಾಗಿದೆ. ಅಂಗಳವೆಲ್ಲ ಮಂಜುಗಡ್ಡೆ.

ಎರಡನೆಯ ವಿಜ್ಞಾಪನೆ. ಕಳೆದ ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ರೇಡಿಯೋದಲ್ಲಿ ಆ ಸುದ್ದಿ ಬಂತು. ನೀನೂ ಕೇಳಿರುತ್ತೀಯ. ಹೊಸ ಸರ್ಕಾರದ ಒಪ್ಪಂದದಲ್ಲಿ ನಮ್ಮ ಹೆಸರಿದೆಯಂತೆ. ತುಪ್ಪಳಕ್ಕೆಂದು ಪ್ರಾಣಿ ಸಾಕುವುದನ್ನು ಮೆಲ್ಲಗೆ ನಿಲ್ಲಿಸುತ್ತಾರಂತೆ, 2025ರ ಹೊತ್ತಿಗೆ ದೇಶದಲ್ಲಿ ಒಂದು ದೊಡ್ಡಿಯೂ ಉಳಿಯುವುದಿಲ್ಲವಂತೆ.

"ಸಿವರ್ಟ್, ಕೇಳಿಸ್ತಾ?" ಎಂದಳು ಅಮ್ಮ.

"ಆಲೂಗಡ್ಡೆ ಕೊಡು" ಎಂದ ಅಪ್ಪ.

"ಕೇಳಿಸ್ತಾ ಅಂತ ಕೇಳ್ದೆ."

"ಕೇಳಿಸ್ತು. ಅದಕ್ಕೇ ಆಲೂಗಡ್ಡೆ ಕೇಳ್ತಿರೋದು."

ಎರಡು ಆಲೂಗಡ್ಡೆ ತಟ್ಟೆಗೆ ಹಾಕಿಕೊಂಡು, ಅವನ್ನು ಮುಟ್ಟದೆ ಎದ್ದು, ಟೋಪಿಯಿಲ್ಲದೆ ನರಿಗಳ ಕೊಟ್ಟಿಗೆಗೆ ಹೋದ. ಮೈನಸ್ ಹದಿನೆಂಟು. ಒಂದು ಗಂಟೆ ಬಿಟ್ಟು ನಾನು ಟೋಪಿ ತೆಗೆದುಕೊಂಡು ಹೋದೆ. ಒಂದೊಂದೇ ಗೂಡಿನ ಮುಂದೆ ನಿಂತು ಒಂದೊಂದೇ ನರಿಯನ್ನು ನೋಡುತ್ತಿದ್ದ, ಏನನ್ನೋ ಎಣಿಸಲು ಹೋಗಿ ಮಧ್ಯದಲ್ಲಿ ಮರೆತವನ ಹಾಗೆ.

ಬಸ್ಸು ಹತ್ತುವಾಗ ನೀನು ಹೇಳಿದ್ದು ನೆನಪಿದೆ: "ಫೋನಲ್ಲಿ ನೀನು ಬರೀ ತಮಾಷೆ ಮಾಡ್ತೀಯ. ಕಾಗದ ಬರಿ. ಒಂದು ಕಾಗದಕ್ಕೆ ಒಂದು ಸಾಲಾದ್ರೂ ನಿಜ ಇರ್ಲಿ." ಆಜ್ಞೆಯನ್ನು ಪಾಲಿಸಿದ್ದೇನೆ. ಆಲೂಗಡ್ಡೆಯ ಭಾಗ ಪೂರ್ತಿ ನಿಜ.

ನಿನ್ನ ಮುದ್ದಿನ ಹೆಣ್ಣುನರಿ ಯಜಮಾನಿ ಕ್ಷೇಮ. ಕುತ್ತಿಗೆಯ ಹತ್ತಿರ ಬೆಳ್ಳಿ ಇನ್ನೂ ಹೆಚ್ಚಾಗಿದೆ. ನೀನು ಹೋದ ಮೇಲೆ ಅವಳ ತುಪ್ಪಳ ಊದಿ ನೋಡಲು ಯಾರಿಗೂ ಧೈರ್ಯವಿಲ್ಲ. ನಾನೊಮ್ಮೆ ಪ್ರಯತ್ನಿಸಿದೆ. ಬೆಳ್ಳುಳ್ಳಿ ತಿಂದಿದ್ದೆ ಅಂತ ಕಾಣುತ್ತದೆ, ಮುಖ ತಿರುಗಿಸಿಕೊಂಡಳು.

ನಿನ್ನ ವಿನಮ್ರ,
ಟಾರ್ಯೆಯ್ (ಮೊಹರು, ಮೊಹರು, ಮೊಹರು)


ಓಸ್ಲೋ, 9 ಫೆಬ್ರವರಿ 2018

ಟಾರ್ಯೆಯ್,

ಲಕೋಟೆಯ ಮೇಲೆ ಮೊಹರು ಒತ್ತಬೇಡ. ಅದು ಮರಿಗಳ ಲಸಿಕೆ ಚೀಟಿಗೆ ಒತ್ತುವ ಮೊಹರು ಎಂದು ನನಗೆ ಗೊತ್ತು, ನನ್ನ ಜೊತೆ ಮನೆ ಹಂಚಿಕೊಂಡಿರುವ ಹೆಡ್ವಿಗ್‌ಗೆ ಗೊತ್ತಿಲ್ಲ. "ಯಾವ ಕಚೇರಿಯಿಂದ ಬಂತೇ ಇದು? ದಂಡ ಗಿಂಡ ಹಾಕಿದ್ದಾರಾ?" ಎಂದು ಕೇಳಿದಳು. ಊರಿನ ಗ್ರಂಥಾಲಯದ್ದು ಎಂದೆ. ನಾನು ಹಿಂತಿರುಗಿಸದ ಪುಸ್ತಕ ಯಾವುದು ಎಂದು ಎರಡು ದಿನ ಪೀಡಿಸಿದಳು.

ಸುದ್ದಿ ಕೇಳಿದೆ. ಇಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಾರೆ, ಒಂದು ದಿನ ಮಾತಾಡಿ ಬಿಡುತ್ತಾರೆ. ನಿಮ್ಮಪ್ಪನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನನ್ನ ಪರವಾಗಿ ಏನಾದರೂ ಹೇಳು. ನೀನು ಬೇರೆಯವರ ಪರವಾಗಿ ಚೆನ್ನಾಗಿ ಮಾತಾಡುತ್ತೀಯ.

ನರ್ಸಿಂಗ್ ಓದು ನಡೆದಿದೆ. ಈ ತಿಂಗಳು ವೃದ್ಧರ ವಾರ್ಡು. ತೊಂಬತ್ತು ದಾಟಿದ ಅಜ್ಜಿಯೊಬ್ಬಳ ತಲೆ ಬಾಚುವಾಗ ಅಭ್ಯಾಸಬಲದಿಂದ ಕೂದಲನ್ನು ಊದಿಬಿಟ್ಟೆ. ಬೆಳ್ಳಗೆ, ಹೂವು ಬಿರಿದ ಹಾಗೆ ತೆರೆದುಕೊಂಡಿತು. "ಏನ್ ನೋಡ್ತಿದೀಯೇ ಹುಡುಗಿ, ಹೇನಾ?" ಎಂದಳು. ನನಗೆ ಅಳು ಬಂತು. ಯಾಕೆ ಎಂದು ನೀನು ಕೇಳಬೇಡ.

ಯಜಮಾನಿಗೆ ಈ ಸಲ ಯಾವ ಗಂಡು? ಹೇಳು.

ಗುಡ್ನಿ


ವಾಲ್ಡ್ರೆಸ್, 25 ಮಾರ್ಚ್ 2018

ರಾಜಾಸ್ಥಾನದ ಪ್ರಕಟಣೆ.

ಈ ಮಾಸದ ಇಪ್ಪತ್ತನೆಯ ತಾರೀಕು, ಅಪರಾಹ್ನ ಎರಡು ಗಂಟೆಗೆ, ಮಹಾರಾಜ್ಞಿ ಯಜಮಾನಿಯವರು ನಮ್ಮ ಮೂರನೆಯ ಸಾಲಿನ ಕುಂಟನನ್ನು ವರಿಸಿದರು. ಅದಕ್ಕೆ ಮೊದಲು ಬಂದ ಇಬ್ಬರು ವರರಿಗೆ ಕಿವಿ ಕಚ್ಚಿ ಕಳಿಸಿದ್ದರು. ಮದುವೆಯೂಟಕ್ಕೆ ಎಂದಿನಂತೆ ಮೀನಿನ ತಲೆ, ಕರುಳು, ಜವೆಗೋಧಿಯ ಅಂಬಲಿ. ಅದನ್ನು ಲಾರಿಯಲ್ಲಿ ತಂದುಕೊಟ್ಟ ಪುರೋಹಿತರು ನಿಮ್ಮಪ್ಪ ಆಸ್ಬ್ಯೋರ್ನ್. ಹೆರಿಗೆ ಮೇ ಹನ್ನೊಂದರ ಸುಮಾರಿಗೆ. ಉಳಿದವರೆಲ್ಲ ಅಷ್ಟರೊಳಗೆ ಹೆತ್ತು ಮುಗಿಸಿರುತ್ತಾರೆ. ಇವಳದು ಯಾವಾಗಲೂ ತಡ, ದೊಡ್ಡವರ ವಾಡಿಕೆ.

ಅಪ್ಪ ಸರ್ಕಾರದ ವಿಷಯ ಎತ್ತುವುದಿಲ್ಲ. ಆದರೆ ಕೊಟ್ಟಿಗೆಯ ಹೊಸ ಛಾವಣಿಗೆಂದು ತರಿಸಿದ್ದ ತಗಡನ್ನು ಗೋಡೆಗೆ ಒರಗಿಸಿಯೇ ಇಟ್ಟಿದ್ದಾನೆ.

ನಿನ್ನೆ ನೆನಪಾಯಿತು. ನಮಗಾಗ ಹನ್ನೆರಡು. ಹೆರಿಗೆಯ ಪೆಟ್ಟಿಗೆಗಳ ಹತ್ತಿರ ಸದ್ದಾದರೆ ತಾಯಿನರಿ ಹೆದರುತ್ತದೆ ಎಂದು ಅಪ್ಪ ಮೇ ತಿಂಗಳೆಲ್ಲ ನಮ್ಮನ್ನು ಬೆಕ್ಕಿನ ಹೆಜ್ಜೆಯಲ್ಲಿ ನಡೆಸುತ್ತಿದ್ದನಲ್ಲ. ಮೇ ಹದಿನೇಳರ ರಾಷ್ಟ್ರದಿನಕ್ಕೆ ಶಾಲೆಯ ವಾದ್ಯವೃಂದ ನಮ್ಮ ರಸ್ತೆಯಲ್ಲಿ ಬರುತ್ತದೆಂದು ಗೊತ್ತಾಗಿ ನಾವಿಬ್ಬರೂ ಬೇಲಿಗೆ ಹಲಗೆ ಕಟ್ಟಿದೆವು: 'ನಿಶ್ಶಬ್ದ! ರಾಣಿಗೆ ಹೆರಿಗೆ ನೋವು.' ನಲವತ್ತು ಮಂದಿ ಸಮವಸ್ತ್ರದಲ್ಲಿ, ತುತ್ತೂರಿಗಳನ್ನು ಕಂಕುಳಲ್ಲಿಟ್ಟುಕೊಂಡು, ತುದಿಗಾಲಲ್ಲಿ ಮೆರವಣಿಗೆ ಹೋದರು. ದೊಡ್ಡ ನಗಾರಿಯ ಹುಡುಗ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದ. ನೀನು ನಗು ತಡೆಯಲಾರದೆ ನನ್ನ ತೋಳು ಕಚ್ಚಿದೆ. ಗುರುತು ಉಳಿದಿಲ್ಲ. ಉಳಿದಿದ್ದರೆ ಚೆನ್ನಾಗಿತ್ತು.

ಜೂನ್‌ನಲ್ಲಿ ಬಾ. ಮೇ ತಿಂಗಳಲ್ಲಿ ಬೇಡ, ಜೂನ್‌ನಲ್ಲಿ ಬಾ.

ಟಾರ್ಯೆಯ್, ಅರಮನೆಯ ಬಾಣಂತನದ ಮೇಲ್ವಿಚಾರಕ


ಓಸ್ಲೋ, 6 ಏಪ್ರಿಲ್ 2018

ಟಾರ್ಯೆಯ್,

ಜೂನ್‌ನಲ್ಲಿ ಬಾ ಎಂದು ಎರಡು ಸಲ ಬರೆದಿದ್ದೀಯ, ಮೇ ಬೇಡವಂತೆ. ಮೊದಲೆಲ್ಲ ಮೇ ತಿಂಗಳಲ್ಲಿ ನನ್ನನ್ನು ಕೇಳದೆ ನಿಮ್ಮ ಕೊಟ್ಟಿಗೆಯ ಬಾಗಿಲು ತೆರೆಯುತ್ತಿರಲಿಲ್ಲ.

ನಿನಗೆ ಬೇರೆ ಯಾರಾದರೂ ಸಿಕ್ಕಿದ್ದರೆ ನೇರವಾಗಿ ಬರೆ. ಮೊಹರು ಒತ್ತಿಯಾದರೂ ಬರೆ.

ಪರೀಕ್ಷೆ ಹತ್ತಿರ ಬಂತು. ಇಷ್ಟು ಸಾಕು.

ಗುಡ್ನಿ


ವಾಲ್ಡ್ರೆಸ್, 22 ಮೇ 2018

ಮಹಾಮಹಿಮಳೆ,

ತಾವು ಮುನ್ಸೂಚನೆಯಿಲ್ಲದೆ ಹದಿನಾರನೆಯ ತಾರೀಕು ಬೆಳಿಗ್ಗೆ ತಂದೆಯ ಲಾರಿಯಿಂದ ಇಳಿದು ನಮ್ಮ ರಾಜ್ಯವನ್ನು ಪಾವನಗೊಳಿಸಿ, ಹದಿನೆಂಟರಂದು ಆಸ್ಪತ್ರೆಯ ಪಾಳಿಗೆಂದು ಮರಳಿದ ಸಂಗತಿ ಇತಿಹಾಸದಲ್ಲಿ ದಾಖಲಾಗಿದೆ. ಅಮ್ಮ ನಿನಗೆಂದು ಹುಯ್ದ ಸಿಹಿ ದೋಸೆಗಳಲ್ಲಿ ಆರು ಉಳಿದಿದ್ದವು. ನಾನು ತಿಂದೆ. ಜೊತೆಗೆ ಕಂದು ಚೀಸು ಇಲ್ಲದಿದ್ದರೂ ತಿಂದೆ. ಅದು ಶೋಕಾಚರಣೆ.

ಬೇರೆ ಯಾರೂ ಸಿಕ್ಕಿಲ್ಲ. ಈ ಕಣಿವೆಯಲ್ಲಿ ನನಗೆ ಸಿಗಬಹುದಾದವರು ಇಬ್ಬರು. ಒಬ್ಬಳಿಗೆ ಎಪ್ಪತ್ತೊಂದು. ಇನ್ನೊಬ್ಬಳು ನೀನು.

ಲಾರಿಯಿಂದ ಇಳಿದವಳು ನಮ್ಮ ಯಾರ ಮುಖವನ್ನೂ ನೋಡದೆ ಸೀದಾ ಕೊಟ್ಟಿಗೆಗೆ ಓಡಿದೆ. ನಾನು ಹಿಂದೆ ಬಂದೆ. "ಯಜಮಾನೀ, ನಾನೇ ಕಣೇ" ಎಂದು ನೀನು ಬಗ್ಗಿದ್ದೆ. ಅವಳು ಪೆಟ್ಟಿಗೆಯೊಳಗೆ ಸರಿದಳು. ನೀನು ತಿರುಗಿ, "ನೋಡೋ, ನಾಚ್ಕೊಂಡ್ಲು!" ಎಂದೆ. ಆ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಅಪ್ಪ ಕ್ಷೇಮ. ನರಿಗಳು ಕ್ಷೇಮ. ಎಲ್ಲರೂ ಕ್ಷೇಮ.

ಟಾರ್ಯೆಯ್


ಓಸ್ಲೋ, 3 ಜೂನ್ 2018

ಟಾರ್ಯೆಯ್,

ಎರಡು ದಿನ ಇದ್ದೆ. ಒಂದು ಮಾತು ಹೇಳಬೇಕೆಂದು ಬಂದಿದ್ದೆ, ಹೇಳದೆ ಹೋದೆ. ನಿಮ್ಮಪ್ಪ ಕಾಫಿ ಕೊಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರಲ್ಲ, ಆಮೇಲೆ ನನಗೆ ಬಾಯಿ ಬರಲಿಲ್ಲ.

ಅದು ಇನ್ನೊಮ್ಮೆ. ಈಗ ಯಜಮಾನಿಯ ಮರಿಗಳ ಬಗ್ಗೆ ಬರಿ. ಎಷ್ಟು? ಕಣ್ಣು ಬಿಟ್ಟಿವೆಯಾ? ಪೆಟ್ಟಿಗೆಯೊಳಗೆ ಸಣ್ಣದಾಗಿ ಕುಂಯ್‌ಗುಟ್ಟಿದ್ದು ನನಗೆ ಕೇಳಿಸಿತ್ತು. ವಾರ್ಡಿನ ಅಜ್ಜಿಗೆ ಅದರದೇ ಕಥೆ ಹೇಳುತ್ತೇನೆ, ದಿನವೂ ಕೇಳುತ್ತಾಳೆ.

ಗುಡ್ನಿ


ವಾಲ್ಡ್ರೆಸ್, 10 ಜೂನ್ 2018

ಅಜ್ಜಿಯವರ ಅವಗಾಹನೆಗೆ:

ಐದು ಮರಿಗಳು. ಕಣ್ಣು ಬಿಟ್ಟಿವೆ. ಒಂದಕ್ಕೆ ಬಾಲದ ತುದಿ ತೀರಾ ಬಿಳಿ, ಅದಕ್ಕೆ ಮಂತ್ರಿ ಎಂದು ಹೆಸರಿಟ್ಟಿದ್ದೇವೆ, ಏಕೆಂದರೆ ಎಲ್ಲರ ಮೇಲೂ ಹತ್ತಿ ಮಲಗುತ್ತದೆ. ಒಂದು ಸದಾ ಬಿಕ್ಕಳಿಸುತ್ತದೆ. ಉಳಿದ ಮೂರು ಸಾಧಾರಣ ಪ್ರಜೆಗಳು.

ನೀನು ಹೇಳದೆ ಹೋದ ಮಾತಿಗೆ ಅವಸರವಿಲ್ಲ. ನಾನು ಇಲ್ಲೇ ಇರುತ್ತೇನೆ. ಕೊಟ್ಟಿಗೆಯೂ ಇನ್ನೂ ಕೆಲವು ವರ್ಷ ಇಲ್ಲೇ ಇರುತ್ತದೆ.

ಟಾರ್ಯೆಯ್


ಓಸ್ಲೋ, 2 ಸೆಪ್ಟೆಂಬರ್ 2018

ಟಾರ್ಯೆಯ್,

ಅಪ್ಪ ಮೊನ್ನೆ ಇಲ್ಲಿಗೆ ಬಂದಿದ್ದರು. ಮಂತ್ರಿ ಹೇಗಿದ್ದಾನೆ ಎಂದು ಕೇಳಿದೆ. "ಯಾವ ಮಂತ್ರೀನೇ?" ಎಂದರು. ಹೇಳಿದೆ. "ಆ ಗೂಡಲ್ಲಿ ಈ ವರ್ಷ ಮರಿ ಇಲ್ಲ ಕಣಮ್ಮ. ಹದಿನಾರನೇ ತಾರೀಕು ಸಾಯಂಕಾಲವೇ ಎಲ್ಲಾ ತಿಂದುಬಿಟ್ಟಳಂತೆ. ಸಿವರ್ಟ್ ನಿನಗೆ ಹೇಳಬಾರ್ದು ಅಂದಿದ್ದ" ಎಂದರು.

ಹದಿನಾರನೆಯ ತಾರೀಕು.

ನಾಚಿಕೊಂಡದ್ದಲ್ಲ ಅದು, ಹೆದರಿದ್ದು; ಹೆದರಿದ ತಾಯಿನರಿ ಮರಿಗಳನ್ನೇ ತಿನ್ನುತ್ತದೆ. ಹೊರಗಿನವರು ಕೊಟ್ಟಿಗೆಗೆ ಬರಬಾರದು ಎಂಬ ನಿಯಮ ನನಗೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಹೆಡ್ವಿಗ್‌ಳ ಕೋಟು ಹಾಕಿಕೊಂಡಿದ್ದೆ. ಕೈಯಲ್ಲಿ ಆಸ್ಪತ್ರೆಯ ಸೋಪಿನ ವಾಸನೆ. ಅವಳನ್ನು ಒದ್ದೆ ಮರಿಯಾಗಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ಬದುಕಿಸಿದವಳು ನಾನು. ಅವಳಿಗೆ ಆ ದಿನ ನಾನು ಯಾರೋ.

ನೀನು 'ಜೂನ್‌ನಲ್ಲಿ ಬಾ' ಎಂದದ್ದು ಅದಕ್ಕೆ. ಅಂದರೆ ನಿನಗೆ ಮೊದಲೇ ಗೊತ್ತಿತ್ತು, ನಾನು ಹೊರಗಿನವಳಾಗಿದ್ದೇನೆ ಎಂದು. ಬರೆಯಬಹುದಿತ್ತಲ್ಲ? ಬರೆಯದೆ ಐದು ಮರಿಗಳನ್ನು ಸೃಷ್ಟಿಸಿದೆ, ಒಂದಕ್ಕೆ ಬಿಕ್ಕಳಿಕೆ ಕೊಟ್ಟೆ. ನಾನು ಅದನ್ನು ಸಾಯುತ್ತಿರುವ ಮುದುಕಿಗೆ ಹೇಳಿದೆ.

ಸರಿ. ನನ್ನದನ್ನೂ ಹೇಳುತ್ತೇನೆ. ಮೇ ತಿಂಗಳಲ್ಲಿ ಬಂದದ್ದು ಇದನ್ನು ಹೇಳಲಿಕ್ಕೇ.

ಕಳೆದ ನವೆಂಬರ್‌ನ ಒಂದು ಶನಿವಾರ ಇಲ್ಲಿ ತುಪ್ಪಳದ ವಿರುದ್ಧ ಪಂಜಿನ ಮೆರವಣಿಗೆ ಇತ್ತು. ನಾನು ಅದರಲ್ಲಿದ್ದೆ. ಹೆಡ್ವಿಗ್ ಕರೆದಳು. "ನೀನು ನರಿ ನೋಡಿದ್ದೀಯಾ?" ಎಂದು ಕೇಳಿದ್ದಳು. "ಬೆಟ್ಟದಲ್ಲಿ ಒಂದ್ಸಲ" ಎಂದೆ. ನಮ್ಮಪ್ಪ ಲಾರಿ ಓಡಿಸುತ್ತಾರೆ ಎಂದು ಅವಳಿಗೆ ಗೊತ್ತು, ಲಾರಿಯಲ್ಲಿ ಏನಿರುತ್ತದೆ ಎಂದು ಗೊತ್ತಿಲ್ಲ.

ನಂಬಿದರೆ ನಂಬು: ಭಿತ್ತಿಪತ್ರಗಳ ಮೇಲೆ ನರಿಗಳ ಮುಖಗಳಿದ್ದವು, ಅದಕ್ಕೇ ಹೋದೆ. ನರಿಯ ಮುಖ ನೋಡದೆ ಒಂದು ವರ್ಷವಾಗಿತ್ತು. ಅರ್ಧ ದಾರಿಯವರೆಗೆ ಅಷ್ಟೇ ಕಾರಣ. ಆಮೇಲೆ ಅವರು ಕೂಗುತ್ತಿದ್ದುದು ಕಿವಿಗೆ ಬಿತ್ತು. ನಮ್ಮ ಗೂಡುಗಳ ತಂತಿ ನೆಲ ನೆನಪಾಯಿತು. ಯಜಮಾನಿ ಒಂದೇ ಒಂದು ಸಲವೂ ಮಣ್ಣು ಕೆರೆದಿಲ್ಲ, ನರಿಯಾಗಿ ಹುಟ್ಟಿ. ನಾನೂ ಕೂಗಿದೆ. ಮನಸ್ಸಿಟ್ಟು ಕೂಗಿದೆ.

ಈಗ ನಿಮ್ಮಪ್ಪನಿಗೆ ಹೇಳು. ಬೇಕಾದರೆ ಇದಕ್ಕೂ ಒಂದು ಮೊಹರು ಒತ್ತು.

ಗುಡ್ನಿ


ಓಸ್ಲೋ, 16 ಡಿಸೆಂಬರ್ 2018

ಟಾರ್ಯೆಯ್,

ಮೂರು ತಿಂಗಳು ದಾಟಿತು. ಕೋಪವಿದ್ದರೆ ಬೈದು ಬರಿ.

ವಾರ್ಡಿನ ಅಜ್ಜಿ ಹೋದಳು. ಕೊನೆಯ ವಾರ ಮಂತ್ರಿ ದೊಡ್ಡವನಾದನಾ ಎಂದು ಕೇಳಿದಳು. ಆದ ಎಂದೆ. ನಾನೂ ಈಗ ನಿನ್ನ ಹಾಗೇ.

ಗುಡ್ನಿ


ಓಸ್ಲೋ, 5 ಮಾರ್ಚ್ 2019

ಈಗ ಗಂಡು ಕೂಡಿಸುವ ಕಾಲ. ಯಜಮಾನಿ ಇದ್ದಾಳಾ? ಅಷ್ಟು ಮಾತ್ರ ತಿಳಿಸು. ಬೇರೇನೂ ಕೇಳುವುದಿಲ್ಲ.

ಗು.


ವಾಲ್ಡ್ರೆಸ್, 16 ಜೂನ್ 2019

ಗುಡ್ನಿ,

ಬಿರುದುಗಳನ್ನು ಬರೆಯಲು ಕೂತರೆ ಕೈ ಬರುತ್ತಿಲ್ಲ. ಬರೀ ಗುಡ್ನಿ.

ಯಜಮಾನಿ ಇದ್ದಾಳೆ. ಈ ವರ್ಷ ಗಂಡು ಕೂಡಿಸಲಿಲ್ಲ. ಕಳೆದ ಚಳಿಗಾಲದ ಪಟ್ಟಿಯಲ್ಲಿ ಅವಳ ಸಂಖ್ಯೆ ಇತ್ತು. ಮರಿ ತಿಂದ ತಾಯಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ನಿನಗೇ ಗೊತ್ತು. ನವೆಂಬರ್‌ನಲ್ಲಿ ಸುಲಿಯುವ ಹಿಂದಿನ ದಿನ ಅಪ್ಪ ಪೆನ್ಸಿಲಿನಿಂದ ಆ ಸಂಖ್ಯೆ ಹೊಡೆದುಹಾಕಿದ. ಯಾಕೆ ಎಂದು ನಾನು ಕೇಳಲಿಲ್ಲ. "ಅವಳ ತಪ್ಪಲ್ಲ" ಎಂದು ತಾನೇ ಹೇಳಿದ. ಯಾರ ಬಗ್ಗೆ ಹೇಳಿದನೋ ಗೊತ್ತಾಗಲಿಲ್ಲ.

ಕಳೆದ ಗುರುವಾರ ಸಂಸತ್ತು ಕಾನೂನು ಪಾಸು ಮಾಡಿತು. ಇನ್ನು ಸುಮಾರು ಐದೂವರೆ ವರ್ಷ ಗಡುವು. ಈ ಸಲ ಅಪ್ಪ ಆಲೂಗಡ್ಡೆ ಕೇಳಲಿಲ್ಲ. ರೇಡಿಯೋ ಆರಿಸಿ, "ಐದು ವರ್ಷ ಸಾಯ್ತಾ ಕೂರೋಕೆ ನನಗಾಗಲ್ಲ. ಈ ನವೆಂಬರ್‌ಗೆ ಮುಗಿಸ್ತೀನಿ" ಎಂದ. ಅಮ್ಮ ಅತ್ತಳು. ಅವಳಿಗೆ ನರಿಯ ವಾಸನೆ ಮೂವತ್ತು ವರ್ಷದಿಂದ ಆಗಿಬರುವುದಿಲ್ಲ, ಆದರೂ ಅತ್ತಳು.

ಗೋಡೆಗೆ ಒರಗಿಸಿದ್ದ ತಗಡಿನಿಂದ ಅಪ್ಪ ಹಿತ್ತಿಲಲ್ಲಿ ಏನೋ ಕಟ್ಟುತ್ತಿದ್ದಾನೆ. ಎತ್ತರದ ಬೇಲಿ, ಒಳಗೆ ತಂತಿಯಿಲ್ಲ, ಬರೀ ನೆಲ. ಯಾರಿಗೆ ಎಂದು ಹೇಳುವುದಿಲ್ಲ. ಹಾಗೆ ಸಾಕಲು ಪರವಾನಗಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. "ಕೇಳ್ದೋರಿಗೆ ನಾಯಿ ಅಂತೀನಿ" ಎನ್ನುತ್ತಾನೆ. ಈ ಮನೆಯಲ್ಲಿ ಸುಳ್ಳು ಹೇಳುವ ಕಲೆ ನನಗೆ ಎಲ್ಲಿಂದ ಬಂತು ಎಂದು ಈಗ ತಿಳಿಯಿತು.

ನಾನು ಬರೆಯದೆ ಇದ್ದದ್ದು ಕೋಪದಿಂದಲ್ಲ. ಸೆಪ್ಟೆಂಬರ್‌ನಿಂದ ಹನ್ನೊಂದು ಕಾಗದ ಬರೆದು ಒಲೆಗೆ ಹಾಕಿದ್ದೇನೆ. ಪ್ರತಿಯೊಂದೂ ತಮಾಷೆಯಿಂದ ಶುರುವಾಗುತ್ತಿತ್ತು, ಮೂರನೆಯ ಸಾಲಿಗೆ ನಾನು ನಿನ್ನನ್ನು ಕ್ಷಮಿಸುವ ದೊಡ್ಡ ಮನುಷ್ಯನಾಗುತ್ತಿದ್ದೆ. ಕ್ಷಮಿಸಲು ನನಗೆ ಯೋಗ್ಯತೆಯಿಲ್ಲ. ಅದನ್ನು ಬರೆಯಲು ಒಂಬತ್ತು ತಿಂಗಳು ಬೇಕಾಯಿತು. ನರಿಗಾದರೆ ಹೆರಲು ಐವತ್ತೆರಡು ದಿನ ಸಾಕು.

ನಿನ್ನೆ ಬೇಲಿಯ ಗೂಟ ಹಿಡಿದುಕೊಂಡು ನಿಂತಿದ್ದೆ. ಅಪ್ಪ ಸುತ್ತಿಗೆ ಎತ್ತಿದವನು ಹಾಗೇ ನಿಂತು ಹೇಳಿದ, "ಗುಡ್ನಿ ಆ ಮೆರವಣಿಗೇಲಿ ಇದ್ಲಂತೆ. ಆಸ್ಬ್ಯೋರ್ನ್ ಹೇಳ್ದ, ಅವನಿಗೆ ಅವಳೇ ಹೇಳಿದ್ಲಂತೆ."

"ಹ್ಞೂಂ" ಎಂದೆ.

"ನವೆಂಬರ್ ಅಂದ್ರೆ ಚಳಿ. ಟೋಪಿ ಹಾಕ್ಕೊಂಡಿದ್ಲಾ?"

"ಹಾಕ್ಕೊಂಡಿದ್ಲು. ಕೆಂಪಂದು. ಅಮ್ಮ ಹೆಣೆದುಕೊಟ್ಟಿದ್ದು."

ಅಪ್ಪ ಸುತ್ತಿಗೆ ಇಳಿಸಿ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಗೂಟ ನೆಟ್ಟಗೆ ಹಿಡಿ" ಎಂದ.

ಹೌದು ಗುಡ್ನಿ. ನಾನು ಅಲ್ಲಿದ್ದೆ. ಅಪ್ಪನಿಗೆ ಹಲ್ಲುನೋವು ಎಂದು ಹೇಳಿ ಓಸ್ಲೋ ಬಸ್ಸು ಹತ್ತಿದ್ದೆ. ಘನವಾದ ಉದ್ದೇಶವಿತ್ತು. ಅಮ್ಮ ಬೇಸಿಗೆಯ ಕೊನೆಯಲ್ಲಿ ಹುಳಿಹಾಕಿದ, ತೆರೆದರೆ ಬೀದಿಯೆಲ್ಲ ನಾರುವ ಟ್ರೌಟ್ ಮೀನಿನ ಒಂದು ಡಬ್ಬಿ ನನ್ನ ಚೀಲದಲ್ಲಿತ್ತು. ಮೆರವಣಿಗೆಯ ನಟ್ಟನಡುವೆ ಅದರ ಮುಚ್ಚಳ ತೆಗೆದು ನಾರ್ವೆಯ ತುಪ್ಪಳ ಉದ್ಯಮದ ಪರವಾಗಿ ಐತಿಹಾಸಿಕ ಪ್ರತ್ಯುತ್ತರ ನೀಡುವ ಯೋಜನೆ. ಜನರ ನಡುವೆ ನುಗ್ಗಿ ಮುಚ್ಚಳಕ್ಕೆ ಕೈ ಹಾಕಿದೆ. ಇಪ್ಪತ್ತು ಹೆಜ್ಜೆ ಮುಂದೆ ಕೆಂಪು ಟೋಪಿ ಕಂಡಿತು.

ಮುಚ್ಚಳ ತೆಗೆಯಲಿಲ್ಲ. ಯಾರೋ ಮುದುಕ, "ಕೈ ಖಾಲಿ ಇದ್ಯಲ್ಲಪ್ಪ" ಎಂದು ಪಂಜು ಕೊಟ್ಟ. ಹಿಡಿದುಕೊಂಡು ನಿನ್ನ ಹಿಂದೆಯೇ ಸಂಸತ್ತಿನವರೆಗೆ ನಡೆದೆ. ನೀನು ಒಮ್ಮೆ ತಿರುಗಿದ್ದರೆ ಸಾಕಿತ್ತು. ಮರಳುವಾಗ ಬಸ್ಸಿನಲ್ಲಿ ಹಸಿವಾಗಿ ಮೀನನ್ನು ನಾನೇ ತಿಂದೆ. ಹಿಂದಿನ ಸೀಟಿನವರು ಇಳಿದು ಮುಂದಿನ ಬಸ್ಸಿಗೆ ಕಾದರು. ಮೆರವಣಿಗೆಯ ಮಾತನ್ನು ನೀನಾಗಿಯೇ ಹೇಳುತ್ತೀಯ ಎಂದು ಅಂದಿನಿಂದ ಕಾಯುತ್ತಿದ್ದೆ. ನೀನು ಹೇಳಿದ ಮೇಲೆ ನನ್ನದನ್ನು ಹೇಳುವ ಸರದಿ ಬಂತು, ಆಗ ಬಾಯಿ ಕಟ್ಟಿತು.

ಬಾ. ಯಾವ ತಿಂಗಳಾದರೂ ಬಾ. ಇಲ್ಲಿ ಇನ್ನು ಯಾರಿಗೂ ಹೆರಿಗೆಯಿಲ್ಲ. ಯಾರ ಕೋಟನ್ನಾದರೂ ಹಾಕಿಕೊಂಡು ಬಾ, ಯಾವ ಸೋಪಿನಲ್ಲಾದರೂ ಕೈ ತೊಳೆದು ಬಾ. ಯಜಮಾನಿ ಮತ್ತೆ ಗುರುತು ಹಿಡಿಯುತ್ತಾಳೋ ಇಲ್ಲವೋ, ಆ ಮಾತು ಕೊಡಲಾರೆ. ನಾನು ಹಿಡಿಯುತ್ತೇನೆ.

ಟಾರ್ಯೆಯ್

ಇನ್ನೊಂದು ಮಾತು. ಅಪ್ಪನಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಸಂಸತ್ತಿನ ಮುಂದೆ ನಿನ್ನನ್ನು ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುತ್ತಲಿನವರೆಲ್ಲ "ದೊಡ್ಡಿ ಮುಚ್ಚಿ!" ಎಂದು ಕೂಗಿದರು, ನನ್ನ ಬಾಯಿಂದಲೂ ಅದೇ ಬಂತು. ಒಟ್ಟು ಎರಡು ಸಲ ಕೂಗಿದೆ. ಮೊದಲನೆಯದು ಬಾಯಿತಪ್ಪಿ.